ಬಣ್ಣ ಹೊಡಿಸದ ಸೈಕಲ್

ಪ್ರಿಯ ಮುನವ್ವರ,

ನೀನು ಮಣ್ಣಾಗಿ ವರ್ಷವಾಯಿತು. ನಿನ್ನ ಹಳೇ ಗೇರ್ ಸೈಕಲ್ ಮಾತ್ರ ಮಣ್ಣಾಗಲು ಒಪ್ಪಲಿಲ್ಲ. ನಿನ್ನಾಕೆ ಹಸೀಬಾ ಭಾಬಿ ಅದನ್ನು ನನಗೆ ಕೊಟ್ಟಾಗ ಅದರ ಮೇಲೆ ಬಟ್ಟೆ ಒಣಗುತ್ತಿದ್ದವು. ಹೊಸ ಚೈನು, ಟೈರು, ಬ್ರೇಕು ನಾನೇ ಕೂಡಿಸಿದೆ. ಗುಜರಿಯವರೂ ನಗುವಷ್ಟು ಚೆನ್ನಾಗಿ!

ಪೇಂಟರ್ ಬಾಲಪ್ಪ ಸೀಟಿನ ಮುಂದಿನ ಪೈಪು ತೋರಿಸಿ, "ಸರ, ಇಲ್ಲಿ ತುಕ್ಕು ಹಿಡೀತೈತ್ರಿ, ಕೆರದು ಬಣ್ಣ ಹೊಡೀತೀನ್ರಿ" ಎಂದ. ನಿನ್ನ ಮೊಣಕಾಲು ತಿಕ್ಕಿ ತಿಕ್ಕಿ ಬಣ್ಣ ಹೋಗಿ, ಉಕ್ಕು ಹೊಳೆಯುವ ಜಾಗವದು.

"ಮುಟ್ಟಿದ್ರ ನೋಡು!" ಎಂದೆ.

ಇವತ್ತು ಹಿಟ್ನಾಳದ ತನಕ ತುಳಿದೆ. ನೀನು ಕರೆದಾಗಲೆಲ್ಲ "ಬಿಸಿಲೈತೋ" ಎಂದು ನಾನು ತಪ್ಪಿಸಿಕೊಳ್ಳುತ್ತಿದ್ದ ದಾರಿ. ಗಾಳಿ ಛಲೋ ಇತ್ತು, ಮಾರಾಯ.

ಅಲ್ಲಿನ ಚಹಾದಂಗಡಿಯ ಮಾರೆವ್ವ ಆ ಹೊಳಪಿನ ಮೇಲೆ ಬೆರಳಾಡಿಸಿದಳು.

"ಇದು ನಮ್ಮ ಮುನವ್ವರಂದಲ್ಲೇನ್ರಿ?"

"ಅವಂದ ಬೇ. ನಾ ಬರೇ ತುಳಿಯಾಂವ."