ಮೆತ್ತಗೆ ನುಡಿಯುವ ಆಂಪ್

ಹಾಸ್ಟೆಲ್, ಮೂಲೆ ಕೋಣೆ
ಭಾನುವಾರ, ಹದಿನೆಂಟನೇ ತಾರೀಕು

ಪ್ರೀತಿಯ ಅಕ್ಕಾ,

ಕಿವಿ ಹೇಗಿದೆ? ಎಡಗಿವಿಯ ಆ ಗುಂಯ್ ಸದ್ದು ಚಿಕ್ಕಮ್ಮನ ಮನೆಗೆ ಹೋದ ಮೇಲೆ ಸ್ವಲ್ಪವಾದರೂ ತಗ್ಗಿದೆಯೋ, ಇಲ್ಲಾ ಒಳಗೆ ಜೀರುಂಡೆ ಸಾಕಿಕೊಂಡ ಹಾಗೇ ಇದೆಯೋ? ನಿದ್ದೆ ಬರುತ್ತಿದೆಯಾ? ನಿನಗೋಸ್ಕರ ಚಿಕ್ಕಮ್ಮ ಟೀವಿ ಸಣ್ಣಗೆ ಇಡುತ್ತಾರೆ ಅಂತ ಅಮ್ಮ ಹೇಳಿದಳು. ಅವರ ‘ಸಣ್ಣಗೆ’ ಅಂದರೆ ಎಷ್ಟು ಅಂತ ನಮಗೆ ಗೊತ್ತಿಲ್ಲದ್ದೇ? ಫೋನು ಕಿವಿಗೆ ಚುಚ್ಚುತ್ತದೆ ಅಂದೆಯಲ್ಲ, ಅದಕ್ಕೇ ಈ ಕಾಗದ. ನನ್ನ ಕನ್ನಡ ನೋಡಿ ನಗಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲ್ ಶಾಲೆಯಲ್ಲಿ ಇಂಗ್ಲಿಷ್ ಕುಡಿದು ಬೆಳೆದವನು ನಾನು. ಅರ್ಧ ವಾಕ್ಯ ಅದರಲ್ಲೇ ಹುಟ್ಟಿ, ಇತ್ತ ಕಡೆ ನಡೆದು ಬರುವಷ್ಟರಲ್ಲಿ ಸುಸ್ತಾಗಿರುತ್ತದೆ.

ನಾನೂ ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಮೈಯಲ್ಲಿ ಕಸುವಿಲ್ಲ. ಕ್ಲಾಸು, ಲ್ಯಾಬು, ರೆಕಾರ್ಡು, ಮತ್ತೆ ಟೆಸ್ಟು. ಮುಂದಿನ ಬೆಂಚಿನವರೆಲ್ಲ ತಲೆಯಾಡಿಸುತ್ತಾರೆ, ನಾನೂ ಆಡಿಸುತ್ತೇನೆ. ರೂಮಿಗೆ ಬಂದು ನೋಡಿದರೆ ನೋಟ್ಸು ಬೇರೆ ಯಾರೋ ಬರೆದ ಹಾಗಿರುತ್ತದೆ. ಮೊದಲ ವರ್ಷವೇ ಹೀಗಾದರೆ ಕೊನೆಯ ವರ್ಷಕ್ಕೆ ನನ್ನಲ್ಲಿ ಏನು ಮಿಕ್ಕಿರುತ್ತದೋ. ಅಮ್ಮನಿಗೆ ಇದನ್ನೆಲ್ಲ ಹೇಳಬೇಡ, ರಾತ್ರಿಯೆಲ್ಲ ಕೂತು ಯೋಚನೆ ಮಾಡುತ್ತಾಳೆ.

ಈಗ ನೀನು ಒಪ್ಪಿಸಿದ ಕೆಲಸ. ಗಿಟಾರ್ ನುಡಿಸುವಾಗ ಪಕ್ಕದಲ್ಲಿ ಕೂತವರ ಸಾಮಾನ್ಯ ಮಾತು ಕೇಳಿಸುತ್ತಿರಬೇಕು, ಅದನ್ನು ಮುಳುಗಿಸುವಷ್ಟು ಜೋರಾದರೆ ಉಳಿದಿರುವ ಕಿವಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಮರೆತಿಲ್ಲ. ಅಷ್ಟು ಮೆತ್ತಗಿನ ಸದ್ದಿನಲ್ಲೂ ಜೀವ ಬಿಡದ ಆಂಪ್ ಪೆಟ್ಟಿಗೆಯೊಂದು ಸಿಕ್ಕರೆ ಬ್ಯಾಂಡಿಗೆ ವಾಪಸ್ ಬರುತ್ತೇನೆ, ನೀನೇ ಕೂತು ಕೇಳಿ ಹೇಳು ಅಂದೆಯಲ್ಲ. ನಿನ್ನ ಬ್ಯಾಂಡಿನ ಹುಡುಗರೂ ಸುಮ್ಮನೆ ಕೂತಿಲ್ಲ. ಡ್ರಮ್ ಬಾರಿಸುವ ಡಬ್ಬ ಡ್ರಮ್ಮಿಗೆಲ್ಲ ಕಂಬಳಿ ಹೊದಿಸಿದ್ದಾನೆ. ಬೇಸ್ ಗಿಟಾರ್ ನುಡಿಸುವ ಕಂಬ ಬೆರಳ ತುದಿಯಲ್ಲೇ ಆಟ ಮುಗಿಸುತ್ತಾನಂತೆ. ನೀವು ಪ್ರಾಕ್ಟೀಸ್ ಮಾಡುತ್ತಿದ್ದ ಗ್ಯಾರೇಜಿನ ಹಿಂದಿನ ಆ ಶೆಡ್ಡಿನಲ್ಲಿ ಮಗು ಮಲಗಿದ ಮನೆಯ ಹಾಗೆ ಎಲ್ಲರೂ ತುದಿಗಾಲಲ್ಲಿ ಓಡಾಡುತ್ತಿದ್ದಾರೆ. ನೋಡಿದರೆ ನಗು ಬರುತ್ತದೆ, ಪಾಪವೂ ಅನ್ನಿಸುತ್ತದೆ.

ಮೊದಲು ನಿನ್ನದೇ ವಾಲ್ವ್ ಆಂಪ್ ಹಚ್ಚಿದೆವು. ಒಳಗಿನ ಗಾಜಿನ ಬುರುಡೆಗಳು ಕೆಂಪಗಾಗುವವರೆಗೆ ಕಾದು, ಸಣ್ಣಗೆ ಇಟ್ಟು ಮೀಟಿದರೆ, ಬೀಗರ ಮನೆಗೆ ಹೋದ ದೊಡ್ಡಪ್ಪನ ಹಾಗೆ: ಮೈ ತುಂಬ ಶಕ್ತಿ, ಬಾಯಲ್ಲಿ ಎರಡೇ ಮಾತು. ಅದರ ಗಂಟಲು ಬಿಚ್ಚಬೇಕಾದರೆ ಗೋಡೆ ಅದುರುವಷ್ಟು ಏರಿಸಲೇಬೇಕು. ಎರಡನೆಯದು ಕಾಲೇಜಿನಿಂದ ತಂದ ಟ್ರಾನ್ಸಿಸ್ಟರ್ ಆಂಪ್. ಎಷ್ಟು ಸಣ್ಣಗಿಟ್ಟರೂ ಸ್ವರ ಒಡೆಯುವುದಿಲ್ಲ, ಆದರೆ ನಮ್ಮ ವಾರ್ಡನ್ ನೋಟಿಸ್ ಓದಿದ ಹಾಗೆ, ಪ್ರತಿ ಅಕ್ಷರ ಸ್ಪಷ್ಟ, ಒಂದರಲ್ಲೂ ಕರುಣೆಯಿಲ್ಲ. ಮೂರನೆಯದು ಡಿಜಿಟಲ್. ಒಂದು ತಿರುಪು ತಿರುಗಿಸಿದರೆ ಬೇರೆ ಆಂಪುಗಳ ದನಿಯನ್ನೆಲ್ಲ ಅಣಕಿಸುತ್ತದೆ. ನಿನ್ನ ವಾಲ್ವ್ ಆಂಪ್ ಜೋರಾದಾಗ ಸ್ವರದ ಕೊನೆಯಲ್ಲಿ ಬರುವ ಆ ಬಿರುಕು ದನಿ ಇದೆಯಲ್ಲ, ನೀನು ‘ಅತ್ತು ಮುಗಿಸಿದವರ ದನಿ’ ಅನ್ನುತ್ತಿದ್ದೆ, ಅದನ್ನೂ ಸಣ್ಣ ಸದ್ದಿನಲ್ಲೇ ತೆಗೆಯುತ್ತದೆ. ಬಾಯಿಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ ನಿಜ, ಆದರೂ ಒಪ್ಪಿಸುತ್ತದೆ.

ಡಾಕ್ಟರ ಮಾತಿನಂತೆ ಆ ಮೂರನೆಯದಕ್ಕೆ ಪರೀಕ್ಷೆಯೂ ಆಯಿತು. ಡಬ್ಬ ನನ್ನ ಫಿಸಿಕ್ಸ್ ಪುಸ್ತಕ ಕಿತ್ತುಕೊಂಡು, ಕಂಬನ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಓದುವುದು. ನಾನು ನುಡಿಸುತ್ತಾ ಒಂದೊಂದೇ ಗೆರೆ ಸದ್ದು ಏರಿಸುವುದು. ಓದಿದ್ದನ್ನು ಕಂಬ ತಿರುಗಿ ಹೇಳುವುದು. ‘ಏರ್ಸೋ, ಏನು ಸೊಳ್ಳೆ ಓಡಿಸ್ತಿದ್ದೀಯಾ?’ ಅಂತ ಡಬ್ಬನ ರಗಳೆ. ಏರಿಸಿದೆ. ಸ್ವಲ್ಪ ಹೊತ್ತಿಗೆ ನನಗೆ ಡಬ್ಬನ ಓದು ಪೂರ್ತಿ ಮುಳುಗಿಹೋಯಿತು. ಕಂಬ ಮಾತ್ರ ಒಂದು ಪದ ಬಿಡದೆ ಒಪ್ಪಿಸುತ್ತಲೇ ಇದ್ದ. ‘ನಂಗೇನೂ ಕೇಳಿಸ್ತಿಲ್ವಲ್ಲ ಕಂಬಣ್ಣ’ ಅಂದರೆ, ‘ನಿಂದು ಹಾಸ್ಟೆಲ್ ಕಿವಿ ಕಣೋ, ಊಟದ ಗಂಟೆ ಹೊಡೆದ್ರೆ ಮಾತ್ರ ಕೇಳ್ಸೋದು’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಸ್ಟೆಲಿನಲ್ಲಿ ಬೆಳೆದವರ ಕಥೆ ಇಷ್ಟೇ ನೋಡು, ನಾಲ್ಕು ಜನ ಕೈ ಎತ್ತಿದರೆ ನಮ್ಮ ಕೈ ತಾನಾಗಿ ಏಳುತ್ತದೆ.

ಮೂರನೆಯದು ಪಾಸು, ಹೊರಟು ಬಾ ಅಂತ ಬರಿ ಎಂದಿದ್ದಾರೆ. ಬರೆದಿದ್ದೇನೆ. ಬರುವ ಶನಿವಾರಕ್ಕೇ ಪ್ರಾಕ್ಟೀಸ್ ಇಟ್ಟುಕೊಂಡಿದ್ದಾರೆ. ನೀನು ಆಗಲೇ ಬಟ್ಟೆಬರೆ ಬ್ಯಾಗಿಗೆ ತುಂಬಿಟ್ಟಿದ್ದೀಯಂತೆ, ನನ್ನ ಕಾಗದ ಕಂಡ ದಿನವೇ ಬಸ್ಸು ಹತ್ತುತ್ತೀಯಂತೆ. ಚಿಕ್ಕಮ್ಮ ಅಮ್ಮನ ಹತ್ತಿರ ಹೇಳಿ ಪೇಚಾಡಿಕೊಂಡರಂತೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆ ಅಂತ ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ.

ಚಿಕ್ಕಮ್ಮನಿಗೆ ನನ್ನ ನೆನಪುಗಳು. ಮಾತ್ರೆ ತಪ್ಪಿಸಬೇಡ. ಹಟ ಮಾಡಬೇಡ, ಮಾಡಿದರೂ ಸ್ವಲ್ಪವೇ ಮಾಡು.

ನಿನ್ನ
ಬಾಲಂಗೋಚಿ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ಮನಸ್ಸು ತಡೆಯದೆ ಸಂಜೆ ಮತ್ತೆ ಶೆಡ್ಡಿಗೆ ಹೋಗಿ ಇನ್ನೊಂದೇ ಸಲ ಪರೀಕ್ಷೆ ಮಾಡೋಣ ಅಂದೆ. ಈ ಸಲ ಡಬ್ಬನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಓದಿಸಿದೆ. ಅವನು ಒಂದು ವಾಕ್ಯ ಓದಿದ, ಇನ್ನೊಂದು ಓದಿದ. ಕಂಬ ಕಾಯುತ್ತಾ ಕೂತೇ ಇದ್ದ. ಕೊನೆಗೆ ‘ಯಾಕೋ, ಇನ್ನೂ ಶುರು ಮಾಡ್ಲಿಲ್ವಾ ಅವ್ನು?’ ಅಂತ ನನ್ನನ್ನು ಕೇಳಿದ. ನಾನಿನ್ನೂ ಆಂಪ್ ಆನ್ ಮಾಡಿರಲಿಲ್ಲ ಅಕ್ಕಾ. ಮೊನ್ನೆ ಅವನು ಒಪ್ಪಿಸಿದ್ದೆಲ್ಲ ಡಬ್ಬನ ತುಟಿ ನೋಡಿ. ಹಾಗೆ ಮಾಡುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ಡಬ್ಬನೂ ಅವನಿಗಿಂತ ಮೇಲೇನಲ್ಲ, ಅವನನ್ನೂ ಹಾಗೇ ಪರೀಕ್ಷೆ ಮಾಡಿ ನೋಡಿದೆ. ಅವರು ನಿನಗೆ ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೇಳಿಸುತ್ತಿಲ್ಲ. ಮೇಲೆ ಬರೆದದ್ದನ್ನು ನಂಬಬೇಡ, ಬ್ಯಾಗು ಬಿಚ್ಚು. ಬರಬೇಡ.