ಕುರಿಗೆ ರವಿವಾರ ಗೊತ್ತಿಲ್ಲ

ಮಾರ್ಚ್ 2, ರವಿವಾರ. ಸಂಜೆ 7

ಡಬ್ಬಿ ತೊಳೆದಿಟ್ಟೆ. ಹುಲ್ಯಾನ ಎರಡೂ ಚಡ್ಡಿ ಒದ್ದೆ, ಒಣಹಾಕಿದ್ದಾಯಿತು. ನಾಳೆ ಫಸ್ಟ್ ಶಿಫ್ಟ್. ಯೂನಿಫಾರ್ಮ್ ಇಸ್ತ್ರಿ ಆಗಿಲ್ಲ.

ವಾರವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರ್ ನಾನು, ಆಫ್ ಸಿಕ್ಕ ಒಂದು ದಿನವೂ ಮಕ್ಕಳನ್ನು ಕಟ್ಟಿಕೊಂಡು ಬಸ್ಸೇ ಹತ್ತಿದೆ. ಹುನಗುಂದದಿಂದ ಬಾಗಲಕೋಟೆ, ಅಲ್ಲಿಂದ ಕಲಾದಗಿ. ಇವರು ಈ ವಾರ ಅಲ್ಲಿ ಕಡಲೆ ಕಿತ್ತ ಹೊಲದಲ್ಲಿ ಕುರಿ ನಿಲ್ಲಿಸಿದ್ದಾರೆ. ಹೆಗಲ ಮೇಲೆ ಕಂಬಳಿ, ತಲೆಗೆ ಪಟಗ, ಎರಡು ವಾರದ ಗಡ್ಡ. ಸಮ್ಮಿ ದೂರದಿಂದಲೇ ಗುರುತು ಹಿಡಿದು "ಅಪ್ಪಾ" ಎಂದು ಓಡಿದಳು. ಆರು ವರ್ಷದವಳು, ಇನ್ನೂ ಅಪ್ಪನ ಕೊರಳಿಗೇ ಜೋತು ಬೀಳುತ್ತಾಳೆ.

ಹುಲ್ಯಾನ ಕಡೆ ಇವರು ಕೈ ಚಾಚಿದ್ದೇ ತಡ. ಏನು ಕಿರುಚಾಟ! ನನ್ನ ಸೀರೆಯೊಳಗೆ ಮುಖ ಹುದುಗಿಸಿ ಹೊರಗೇ ಬರಲಿಲ್ಲ. ಎರಡೂವರೆ ವರ್ಷದ ಗಂಡು, ಅಜ್ಜನ ಹೆಸರು ಹುಲ್ಲಪ್ಪ ಎಂದು ಇಟ್ಟಿದ್ದಕ್ಕಾದರೂ ಸ್ವಲ್ಪ ಧೈರ್ಯ ಬೇಡವೇ? ಕುರಿಗೆ ಹೆದರಲಿಲ್ಲ. ನಾಯಿಗೆ ಹೆದರಲಿಲ್ಲ. ಹೆದರಿದ್ದು ಹೆತ್ತ ಅಪ್ಪನಿಗೆ.

"ನಾ ಮನಿಗೆ ಬರೂದು ಅಂವ ಮಲಗಿದ ಮ್ಯಾಲೆ. ಹೋಗೂದು ಅಂವ ಏಳೂದ್ರಾಗ. ಗುರ್ತ ಹೆಂಗ ಸಿಗಬೇಕು ಮಲ್ಲೀ?" ಎಂದರು. ನಕ್ಕರು. ನಗೆ ಹಲ್ಲಿನಲ್ಲೇ ಉಳಿಯಿತು.

ಯುಗಾದಿಗೆ ಕುರಿ ಗಂಗಾವತಿ ಕಡೆ ಹೊರಡುತ್ತವೆ, ಭತ್ತ ಕೊಯ್ದ ಗದ್ದೆಗೆ. ಬರುವುದು ಮಳೆಗಾಲಕ್ಕೆ. ಅಷ್ಟರೊಳಗೆ ಹುಲ್ಯಾ ಅಪ್ಪ ಎನ್ನುವವನೊಬ್ಬ ಇದ್ದಾನೆ ಎನ್ನುವುದನ್ನೇ ಮರೆಯುತ್ತಾನೆ.

ಇಲ್ಲ. ಅವರು ಹೊರಡುವುದರೊಳಗೆ ಹುಲ್ಯಾ ಅಪ್ಪನ ತೊಡೆಯ ಮೇಲೆ ಕೂತು ರೊಟ್ಟಿ ತಿನ್ನಬೇಕು. ಪ್ರತಿ ರವಿವಾರ ಹೋಗುತ್ತೇನೆ. ಕುರಿ ಎಲ್ಲಿಯೋ ನಾವು ಅಲ್ಲಿ.

ಮಾರ್ಚ್ 5, ಬುಧವಾರ

ವಿಡಿಯೋ ಕಾಲ್ ಮಾಡಿಸಿದೆ. ಮೊದಲು ಆಕಾಶ ಕಂಡಿತು, ಆಮೇಲೆ ಒಂದು ಕುರಿಯ ಮೂತಿ. ಹುಲ್ಯಾ ಅದಕ್ಕೆ ಟಾಟಾ ಮಾಡಿದ. ಅಪ್ಪನ ಮುಖ ಬಂದ ಕೂಡಲೇ ಕಟ್ ಮಾಡಿದ. ಬಟನ್ ಮಾತ್ರ ಚೆನ್ನಾಗಿ ಗೊತ್ತು ಈ ಶಾಣ್ಯಾನಿಗೆ.

ಅತ್ತೆಯ ಮಾತು ಕೇಳಬೇಕು: "ಬಸ್ಸಿನ ಹೊಗಿ ಕುಡದ ಬೆಳದ ಹುಡುಗ. ಕುರಿಯವರ ವಾಸನಿ ಹೆಂಗ ತಿಳೀಬೇಕು?" ಹಗಲೆಲ್ಲ ಮಕ್ಕಳನ್ನು ಹಿಡಿಯುವವರು ಅವರೇ, ಬಾಯಿ ಮುಚ್ಚಿಕೊಂಡಿರುವುದು ನನಗೇ ಲಾಭ.

ಮಾರ್ಚ್ 9, ರವಿವಾರ

ಕುರಿ ಈಗ ಕೆರೂರ ಹತ್ತಿರ. ಈ ಸಲ ನನ್ನದೊಂದು ಐಡಿಯಾ. ಕುರಿಯನ್ನು ಜೊತೆಗಾರ ದೇವಪ್ಪನಿಗೆ ಬಿಟ್ಟು, ಗಡ್ಡ ಬೋಳಿಸಿ, ಶರ್ಟು ಪ್ಯಾಂಟು ಹಾಕಿಕೊಂಡು ಬಾದಾಮಿಗೇ ಬರ್ರಿ ಎಂದಿದ್ದೆ. ಬಂದರು. ಬಸ್ ಸ್ಟ್ಯಾಂಡಿನಲ್ಲಿ ನನಗೇ ಗುರುತು ಸಿಗಲಿಲ್ಲ. ಬಿಳಿ ಶರ್ಟು, ತಲೆಗೆ ಎಣ್ಣೆ. ಮದುವೆಯ ಫೋಟೋದ ಬೀರಲಿಂಗ.

ಮತ್ತು ಹುಲ್ಯಾ... ಹೋದ! ಎರಡು ಬಿಸ್ಕಿಟ್ ಆದ ಮೇಲೆ ಕೈ ಹಿಡಿದ. ಮೇಣಬಸದಿ ಗುಹೆಯ ಮೆಟ್ಟಿಲು ಹತ್ತುವಾಗ ಹೆಗಲೇರಿದ. ಮಂಗವೊಂದು ಸಮ್ಮಿಯ ಕೈಯಿಂದ ಚುರಮುರಿ ಪೊಟ್ಟಣ ಕಿತ್ತುಕೊಂಡು ಹೋಯಿತು. ಅವಳು ಅತ್ತಳು, ಇವನು ಅಪ್ಪನ ಕೂದಲು ಹಿಡಿದು ಕೇಕೆ ಹಾಕಿದ. "ಮಾಮಾ, ಮಂಗ್ಯಾ! ಮಾಮಾ, ಮಂಗ್ಯಾ!"

ಮಾಮಾ. ಹೋಗಲಿ, ಹೆಗಲ ಮೇಲಂತೂ ಇದ್ದಾನಲ್ಲ, ಶಬ್ದ ಆಮೇಲೆ ತಿದ್ದಿದರಾಯಿತು ಎಂದುಕೊಂಡೆ. ಸಮ್ಮಿ ಮಾತ್ರ ದಾರಿಯುದ್ದಕ್ಕೂ ಮುಖ ದಪ್ಪ ಮಾಡಿಕೊಂಡಿದ್ದಳು. ಚುರಮುರಿಗೆ ಇಷ್ಟು ಸಿಟ್ಟೇ?

ಬನಶಂಕರಿಗೆ ಹೋಗಿ ಬುಟ್ಟಿ ರೊಟ್ಟಿಯ ಊಟಕ್ಕೆ ಕೂತೆವು. ಮಕ್ಕಳಿಗೆ ಹಾಸಲೆಂದು ಇವರು ಚೀಲದಿಂದ ಕಂಬಳಿ ತೆಗೆದು, ಒಮ್ಮೆ ಕೊಡವಿ, ರೂಢಿಯಂತೆ ಹೆಗಲಿಗೆ ಹಾಕಿಕೊಂಡರು. ಅಷ್ಟೇ. ಹುಲ್ಯಾ ಚೀರಿದ ಚೀರಾಟಕ್ಕೆ ರೊಟ್ಟಿ ಮಾರುವ ಹೆಂಗಸರೆಲ್ಲ ತಿರುಗಿ ನೋಡಿದರು. ಅರ್ಧ ದಿನ ಹೆಗಲ ಮೇಲೆ ಮೆರೆಸಿದವನನ್ನು ಕಂಡು ನಡುಗುತ್ತಿದ್ದ.

ಬಸ್ಸಿಗೆ ಕಾಯುವಾಗ ಹೇಳಿದೆ, ಇನ್ನು ಮೇಲೆ ಹಿಂಗ ಶರ್ಟಿನ್ಯಾಗ ಬರ್ರಿ ಅಂತ. ಇವರು ಕಂಬಳಿ ಮಡಚಿ ಚೀಲಕ್ಕೆ ತುರುಕಿದರು.

"ಅಂವ ಶರ್ಟಿನ ಕಡಿ ಬಂದಾನ, ನನ್ನ ಕಡಿ ಅಲ್ಲ. ಕಂಬಳಿ ಬಿಟ್ಟು ನಾ ಯಾವಾಗರ ಇರ್ತೇನೇನ? ಮಾಮಾ ಆಗಿ ನಾ ಏನ ಮಾಡ್ಲಿ?"

ಖರೆ ಮಾತು. ಖರೆ ಇದ್ದುದಕ್ಕೇ ನನಗೆ ಸಿಟ್ಟು ಬಂತು. ಚಪ್ಪಲಿ ಹರಿದಿದೆ, ಹೊಸದು ಯಾಕೆ ಕೊಂಡಿಲ್ಲ ಎಂದು ಸುಮ್ಮನೆ ಜಗಳ ತೆಗೆದೆ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 3

ಗೊತ್ತಾಯಿತು.

ಇವತ್ತು ಹೋಳಿಯ ಬಣ್ಣ. ಓಣಿಯಲ್ಲಿ ಬೆಳಿಗ್ಗೆಯಿಂದ ಹಲಗೆ ಬಾರಿಸುವ ಸದ್ದು. ಡ್ಯೂಟಿ ಮುಗಿಸಿ ಬಂದವಳು ಹಿತ್ತಲ ಬಾಗಿಲಲ್ಲಿ ನಿಂತೇಬಿಟ್ಟೆ. ಹುಲ್ಯಾ ಅಕ್ಕನ ಪಿಚಕಾರಿ ಹಿಡಿದುಕೊಂಡಿದ್ದ. ಸಮ್ಮಿ ಒಳಗೆ ಹೋಗಿ ಅಜ್ಜಿಯ ಕಂಬಳಿ ತಲೆ ತುಂಬ ಹೊದ್ದುಕೊಂಡು ಬಂದಳು. ದಪ್ಪ ದನಿ ತೆಗೆದು — "ಕಂಬಳ್ಯಾಂವ ಬಂದೇನಿ! ಹುಲ್ಯಾನ್ನ ಹಿಡದ ಒಯ್ತೇನಿ! ಚೀಲದಾಗ ಹಾಕ್ಕೊಂಡ ಒಯ್ತೇನಿ!"

ಪಿಚಕಾರಿ ಬಿಸಾಕಿ ಮಂಚದ ಕೆಳಗೆ ಸೇರಿಕೊಂಡ ನನ್ನ ಕೂಸು.

ಕಂಬಳಿ ಎಳೆದೆ. ಕೈ ಎತ್ತಿದೆ. ಎಷ್ಟು ದಿನದಿಂದ ನಡದೈತಿ ಇದು ಅಂದೆ. ಸಮ್ಮಿ ಕಂಬಳಿಯ ತುದಿ ಹಿಡಿದು ಜಗ್ಗಿದಳು. ಆಮೇಲೆ ಒಮ್ಮೆಲೇ ಅಳುತ್ತಾ ಕೂಗಿದಳು.

"ಅಂವಗ ನೀ ಅದಿ. ಅಜ್ಜಿ ಅದಾಳ. ರಾತ್ರಿ ನಿನ್ನ ಮಗ್ಗಲದಾಗ ಅಂವನ ಮಲಗ್ತಾನ. ನನಗ ಅಪ್ಪ ಒಬ್ಬನ. ಅಂವನ್ನೂ ಕೊಡಬೇಕೇನ?"

ಎತ್ತಿದ ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅವಳ ತಲೆಯ ಬಣ್ಣ ತೊಳೆಯುತ್ತಾ ಕೂತೆ. ಹೊಡೆದುಬಿಟ್ಟಿದ್ದರೆ ಹಗುರಾಗುತ್ತಿತ್ತೇನೋ. ಹುಲ್ಯಾ ಹುಟ್ಟಿದ ದಿನದಿಂದ ಇವಳನ್ನು "ನೀ ದೊಡ್ಡಾಕಿ" ಎಂದು ಆಚೆ ತಳ್ಳುತ್ತಾ ಬಂದಿದ್ದೇವೆ. ಎಷ್ಟು ದೊಡ್ಡಾಕಿ? ಇನ್ನೂ ಮುಂದಿನ ಹಲ್ಲು ಬಿದ್ದು ಹುಟ್ಟಿಲ್ಲ.

ಅತ್ತೆಗೆ ಬೇರೆಯೇ ಸಂಕಟ. "ನಮ್ಮ ಮನ್ಯಾಗ ಹುಟ್ಟಿ ಕಂಬಳಿಗೆ ಅಂಜೂದಂದ್ರ! ಬೀರಪ್ಪ ದೇವರು ಏನಂದಾನು!"

ಮಾರ್ಚ್ 16, ರವಿವಾರ

ಆಫ್ ಕ್ಯಾನ್ಸಲ್. ಬಣ್ಣ ಆಡಿದ ಅರ್ಧ ಡಿಪೋ ರಜೆ. ಬಾಗಲಕೋಟೆ ಟ್ರಿಪ್ ಹೊಡೆದೆ. ಒಂದು ರವಿವಾರ ನುಂಗಿ ಹೋಯಿತು.

ಮಾರ್ಚ್ 19, ಬುಧವಾರ. ಇಳಕಲ್ ಬಸ್ ಸ್ಟ್ಯಾಂಡ್

ಬಸ್ಸು ಬಿಡಲು ಇನ್ನೂ ಹೊತ್ತಿದೆ. ಕೂತು ಯೋಚಿಸಿದೆ. ಹುಲ್ಯಾನನ್ನು ಹಿಡಿದು ತಿದ್ದುವುದು ದಂಡ. ಹಸಿದವಳು ಸಮ್ಮಿ. ಮೊದಲು ಅವಳಿಗೆ ಬಡಿಸಬೇಕು. ಇವರಿಗೆ ಫೋನ್ ಮಾಡಿ ಹೇಳಿದೆ — ಈ ರವಿವಾರ ಮಗನ ಕಡೆ ನೋಡಲೂ ಬೇಡಿ, ಇಡೀ ದಿನ ಮಗಳದ್ದು ಎಂದು.

"ಮತ್ತ ಹುಲ್ಯಾ?"

"ಹುಲ್ಯಾ ನನ್ನ ಕಡಿ ಇರ್ಲಿ. ಹೇಳಿದಷ್ಟು ಕೇಳ್ರಿ."

ಬಸ್ಸಿನಲ್ಲಿ ನೂರು ಜನ ಕೇಳುತ್ತಾರೆ ನನ್ನ ಮಾತು. ಇವರೂ ಕೇಳಿದರು.

ಮಾರ್ಚ್ 23, ರವಿವಾರ

ಶಿರೂರು. ಬೆಳಿಗ್ಗೆ ಇಳಿದ ಕೂಡಲೇ ಸಮ್ಮಿಯನ್ನು ಒಪ್ಪಿಸಿದೆ. ಅವಳ ಕೈಗೊಂದು ಸಣ್ಣ ಬಡಿಗೆ, ತಲೆಗೆ ಅಪ್ಪನ ಟವೆಲ್ಲಿನ ಪಟಗ. ಕುರಿಯ ಹಿಂದೆ ಇಬ್ಬರೂ ಹೊರಟೇ ಹೋದರು. ಒಮ್ಮೆ ತಿರುಗಿ ನೋಡಿದಳು, ತಮ್ಮ ಬರುತ್ತಿಲ್ಲ ತಾನೇ ಎಂದು. ಬರುತ್ತಿಲ್ಲ ಎಂದು ಕೈ ಮಾಡಿದೆ.

ನಾನೂ ಹುಲ್ಯಾನೂ ಬೇವಿನ ಮರದ ಕೆಳಗೆ. ಬೇವು ಹೂಬಿಟ್ಟಿದೆ, ತಲೆ ತುಂಬ ಉದುರುತ್ತಿತ್ತು. ಹೊಸದಾಗಿ ಹುಟ್ಟಿದ ಮರಿಗಳು ಅಲ್ಲೇ ಬಲೆಯ ದೊಡ್ಡಿಯೊಳಗಿದ್ದವು. ಹುಲ್ಯಾ ಒಂದರ ಕಿವಿ ಹಿಡಿದು ಎಲೆ ತಿನ್ನಿಸಲು ಹೋದ, ಇನ್ನೊಂದಕ್ಕೆ "ಮುಂದ ಹೋಗ್ರಿ, ಮುಂದ ಹೋಗ್ರಿ" ಎಂದು ಗದರಿಸಿದ. ನನ್ನದೇ ದನಿ. ನಾಚಿಕೆಯಾಯಿತು, ನಗುವೂ ಬಂತು.

ಇಳಿಹೊತ್ತಿಗೆ ಬಂದರು. ಬಿಸಿಲಿಗೆ ಕೆಂಪಾದ ಸಮ್ಮಿ ಅಪ್ಪನ ಬೆನ್ನ ಮೇಲೆ, ಇಬ್ಬರಿಗೂ ಒಂದೇ ಕಂಬಳಿ. ಅದರೊಳಗಿಂದ ಮುಖವಷ್ಟೇ ಹೊರಗೆ. ಬಾಯಿಗೆ ಬಿಡುವಿಲ್ಲ. ಟಗರು ಇವಳ ಮಾತು ಕೇಳಿತಂತೆ, ಹಳ್ಳದಲ್ಲಿ ನವಿಲು ಕಂಡಿತಂತೆ, ಅದನ್ನು ಮೊದಲು ನೋಡಿದ್ದು ಇವಳೇ ಅಂತೆ. ಇಷ್ಟು ನಕ್ಕಿದ್ದನ್ನು ಎಂದು ನೋಡಿದ್ದೆ?

ಹುಲ್ಯಾ ನನ್ನ ಕಾಲಿಗೆ ಅಂಟಿಕೊಂಡ. ಆದರೆ ಚೀರಲಿಲ್ಲ. ಕಂಬಳಿಯನ್ನು ನೋಡಿದ, ಅಕ್ಕನನ್ನು ನೋಡಿದ.

ಆಗ ಸಮ್ಮಿ — ನಾನು ಹೇಳಿಕೊಟ್ಟಿದ್ದಲ್ಲ, ಬೀರಪ್ಪನಾಣೆ — "ಏ ಬಾರೋ. ಇದ್ರಾಗ ಗುಮ್ಮ ಇಲ್ಲ. ನಾ ಸುಳ್ಳ ಹೇಳಿದ್ನಿ. ನಾ ಅದೇನಿ ನೋಡ, ಬಾ" ಎಂದಳು.

ನಾಲ್ಕು ಹೆಜ್ಜೆ ಹೋದ. ಹೊರಳಿ ಓಡಿಬಂದ. ಇವರು ಅಲುಗಾಡದೆ ನಿಂತಿದ್ದರು. ಸಾಕು, ಇವತ್ತಿಗೆ ಇಷ್ಟು ಸಾಕು.

ಮಾರ್ಚ್ 26, ಬುಧವಾರ

ಮನೆಯಲ್ಲಿ ದಿನಾ ಸಂಜೆ ಸಮ್ಮಿಯ ಸಾಲೆ. ಅಜ್ಜಿಯ ಕಂಬಳಿ ಡೇರೆ, ತಮ್ಮ ವಿದ್ಯಾರ್ಥಿ. ಮೊದಲ ದಿನ ಕೈ ಒಳಗಿಟ್ಟ. ನಿನ್ನೆ ತಲೆ. ಇವತ್ತು ಇಬ್ಬರೂ ಒಳಗೆ ಕೂತು ಶೇಂಗಾ ತಿಂದು ಸಿಪ್ಪೆಯೆಲ್ಲ ಕಂಬಳಿಗೆ ಮೆತ್ತಿಟ್ಟಿದ್ದಾರೆ. ಅತ್ತೆ ಬೈಯಲಿಲ್ಲ. ಸಮ್ಮಿ ರಾತ್ರಿ ನನ್ನ ಈ ಮಗ್ಗುಲು, ಹುಲ್ಯಾ ಆ ಮಗ್ಗುಲು. ನನಗೆ ಹೊರಳಲು ಜಾಗವಿಲ್ಲ. ಇರಲಿ.

ಮಾರ್ಚ್ 28, ಶುಕ್ರವಾರ

ಇವರ ಫೋನ್ ಬಂತು. ಎಲ್ಲೂ ಮೇವಿಲ್ಲ, ಕುರಿ ಲಗುಬಗೆಯಿಂದ ನಡೆಯುತ್ತಿವೆ. ಶನಿವಾರವೇ ಇಳಕಲ್ ದಾಟುತ್ತೇವೆ ಎಂದರು.

"ರವಿವಾರ ಯುಗಾದಿ ಐತಿ. ಅವತ್ತ ಬರ್ತೇವಂತ ಹೇಳೇನಿ. ನಿಂದರ್ರಿ."

"ಕುರಿಗೆ ರವಿವಾರ ಗೊತ್ತೇನ ಮಲ್ಲೀ? ಹಸದಾವು."

"ಕುರಿಗೆ ಗೊತ್ತಿಲ್ಲ. ನಿಮಗ ಗೊತ್ತಿರ್ಲಿ."

ಆ ಕಡೆ ಯಾವುದೋ ಕುರಿಯನ್ನು ಗದರಿಸಿದರು. ಆಮೇಲೆ, ನೋಡ್ತೇನಿ ಎಂದರು.

ಆಫ್ ಬೇರೆ ಇಲ್ಲ. ಹಬ್ಬದ ರಶ್ಶು. ಅಫ್ಸರನ ಹಿಂದೆ ಬಿದ್ದೆ. ನಮ್ಮ ಡಿಪೋದ ಕಂಡಕ್ಟರೇ ಅವನೂ, ರೋಜಾದಲ್ಲಿದ್ದಾನೆ. "ಅಕ್ಕಾ, ನಿಮ್ಮ ಯುಗಾದಿ ನಾ ಮಾಡ್ತೇನಿ. ನಮ್ಮ ರಂಜಾನ್ ನೀವ್ ಮಾಡ್ರಿ" ಎಂದ. ಉಪವಾಸದಲ್ಲಿ ಎರಡು ಟ್ರಿಪ್ ಹೆಚ್ಚಿಗೆ ಹೊಡೆಯುತ್ತಾನೆ ನನಗಾಗಿ. ಅವನ ಮಕ್ಕಳು ತಣ್ಣಗಿರಲಿ.

ಮಾರ್ಚ್ 30, ಯುಗಾದಿ. ಸಂಜೆ

ಬರೆಯಲು ಕೈ ಬರುತ್ತಿಲ್ಲ. ಬರೆಯಲೇಬೇಕು.

ನಿಂತಿದ್ದರು. ಇಳಕಲ್ ಆಚೆ, ಕುಷ್ಟಗಿ ರಸ್ತೆಗೆ ಹತ್ತಿದ ಹೊಲದಲ್ಲಿ. ಮೇವು ಕೊಂಡು ಹಾಕಿ ಒಂದು ದಿನ ಕುರಿ ನಿಲ್ಲಿಸಿದ್ದರು. ಹೋಳಿಗೆ ಡಬ್ಬಿ, ಬೇವು ಬೆಲ್ಲ, ಇಬ್ಬರಿಗೂ ಹೊಸ ಅಂಗಿ. ಇವರು ಕಂಬಳಿ ಹೊದ್ದು ಸುಮ್ಮನೆ ನೆಲದ ಮೇಲೆ ಕೂತಿದ್ದರು. ಕರೆಯಲಿಲ್ಲ. ಕೈ ಚಾಚಲಿಲ್ಲ. ಸಮ್ಮಿ ಮೊದಲು ಹೋಗಿ ಒಂದು ಮಗ್ಗುಲು ಸೇರಿದಳು. ಇನ್ನೊಂದು ಮಗ್ಗುಲು ಕಂಬಳಿ ಎತ್ತಿ ಹಿಡಿದು ಕೂತಳು.

ಹುಲ್ಯಾ ನನ್ನ ಕೈ ಬಿಟ್ಟ. ನಡೆದ. ಬಗ್ಗಿ ಒಳಗೆ ನೋಡಿದ. ನುಗ್ಗಿದ.

ಇವರು ನನ್ನ ಕಡೆ ನೋಡಿದರು. ಗಂಡಸಿನ ಕಣ್ಣಲ್ಲಿ ನೀರು ಬಂದರೆ ನಾನು ಮುಖ ತಿರುಗಿಸುವವಳಲ್ಲ, ಚೆನ್ನಾಗಿ ನೋಡಿದೆ. ತೊಡೆಯ ಮೇಲೆ ಕೂತೇ ಹೋಳಿಗೆ ತಿಂದ. ಅಪ್ಪನ ಮೀಸೆಗೆ ತುಪ್ಪ ಹಚ್ಚಿದ. ಅಲ್ಲೇ ಮಲಗಿದ, ಅಲ್ಲೇ ಎದ್ದ. "ಅಪ್ಪ ಅನ್ನು" ಎಂದು ಸಮ್ಮಿ ಎಷ್ಟು ಹೇಳಿಕೊಟ್ಟರೂ ಅನ್ನಲಿಲ್ಲ. ಇರ್ಲಿ ಬಿಡ, ಬಂದಾನಲ್ಲ ಎಂದರು ಇವರು.

ಗೆದ್ದೆ ಎಂದುಕೊಂಡೆ. ನಾಲ್ಕು ಗಂಟೆಗೆ ದೇವಪ್ಪ ಕುರಿ ಎಬ್ಬಿಸಿದ.

ಹುಲ್ಯಾ ಬರಲಿಲ್ಲ. ಎರಡೂ ಮುಷ್ಟಿಯಲ್ಲಿ ಕಂಬಳಿ ಹಿಡಿದುಕೊಂಡುಬಿಟ್ಟ. ಇವರ ಕೈಲಿ ಬಿಡಿಸಲಾಗಲಿಲ್ಲ, ಮನಸ್ಸೇ ಬರಲಿಲ್ಲ ಅವರಿಗೆ. ಹತ್ತಿಸಿದವಳು ನಾನು, ಬಿಡಿಸಿದವಳೂ ನಾನೇ. ಒಂದೊಂದೇ ಬೆರಳು. ತಿರುಗಿ ನೋಡಬ್ಯಾಡ್ರಿ, ನಡೀರಿ ಎಂದು ಗದರಿಸಿದೆ. ನೋಡಲಿಲ್ಲ. ಸಮ್ಮಿ ತಮ್ಮನ ಕಾಲು ಹಿಡಿದುಕೊಂಡು ತಾನೂ ಅತ್ತಳು.

ಸುಮ್ಮನೆ ಬಿಟ್ಟಿದ್ದರೆ ಈ ಹುಡುಗನಿಗೆ ಅಳುವೇ ಇರುತ್ತಿರಲಿಲ್ಲ. ಆದರೂ ಇನ್ನೊಮ್ಮೆ ಇದನ್ನೇ ಮಾಡುತ್ತೇನೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 5.40

ಇವತ್ತು ರಂಜಾನ್, ಅಫ್ಸರನ ಡ್ಯೂಟಿ ನನ್ನದು. ಬ್ಯಾಗು ಹೆಗಲಿಗಿದೆ, ಹೊರಡಲಾಗುತ್ತಿಲ್ಲ. ಹುಲ್ಯಾ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ನಿಂತಿದ್ದಾನೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎಲ್ಲಿಗೋ ಎಂದೆ.

"ಅಪ್ಪನ ಕಡಿ."

ಅಪ್ಪನ ಕಡೆ! ನಿನ್ನೆ ಇಡೀ ದಿನ ಬರದ ಶಬ್ದ. ಕೇಳಬೇಕಾದವರು ಕುಷ್ಟಗಿ ದಾರಿಯಲ್ಲಿ.

ಇವರ ಫೋನ್ ಸ್ವಿಚ್ ಆಫ್. ದೇವಪ್ಪನಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆರರ ಬಸ್ಸು ಕಂಡಕ್ಟರ್ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ, ಕಾಯಲಿ. ಎತ್ತಿದ. "ಮುಂದ ಅದಾನ್ರಿ ವೈನಿ, ಓಡಿ ಹೋಗಿ ಕೊಡ್ತೇನಿ" ಎಂದ. ಓಡುತ್ತಿದ್ದಾನೆ, ಏದುಸಿರು ಕೇಳುತ್ತಿದೆ. ಫೋನು ಹುಲ್ಯಾನ ಕಿವಿಗೆ ಹಿಡಿದಿದ್ದೇನೆ, ಇನ್ನೊಂದು ಕೈಯಲ್ಲಿ ಪೆನ್ನು. ಸುಮ್ಮನೆ ನಿಂತರೆ ನಾನೇ ಅತ್ತುಬಿಡುತ್ತೇನೆ.

ಬಂದರು. ಹಲೋ ಎನ್ನುತ್ತಿದ್ದಾರೆ. ಹುಲ್ಯಾ ನನ್ನ ಮುಖ ನೋಡಿದ. ಬಾಯಿ ತೆರೆ—