ನಾಯ್ಸ್ ತೆಗೆದಿದ್ದೀರಂತೆ

ಕಳಮಶ್ಶೇರಿ, ಭಾನುವಾರ

ತರುಣ್ ಅವರೇ,

‘ಪ್ರೀತಿಯ’ ಅಂತ ಬರೆಯೋಕೆ ಕೈ ಬರ್ತಿಲ್ಲ.

ನಮ್ಮ ಹಿನ್ನೆಲೆ ಸಂಗೀತದ ವಾಟ್ಸ್ಯಾಪ್ ಗುಂಪಿನಲ್ಲಿ ‘ಈ ವಾರ ಏನು ಕೇಳ್ತಿದ್ದೀರಿ’ ಅಂತ ನೀವು ಕೇಳಿದಾಗ ಅಪ್ಪನ ಕ್ಯಾಸೆಟ್ ವಿಷಯ ಬರೆದದ್ದು ನನ್ನದೇ ತಪ್ಪು. ಮೂವತ್ತು ವರ್ಷದ ಹಿಂದೆ ನಿಮ್ಮ ತಿರುವನಂತಪುರದ ಒಂದು ಸ್ಟುಡಿಯೋದಲ್ಲಿ ಅವರು ಸಿನಿಮಾಕ್ಕೆ ನುಡಿಸಿದ ಕೊಳಲು ಅದು. ಟೈಟಲ್ಲಿನಲ್ಲಿ ಅವರ ಹೆಸರೂ ಬರಲಿಲ್ಲ. ಡಿಜಿಟಲ್ ಮಾಡಿಕೊಡ್ತೀನಿ ಅಂದ್ರಿ, ನಂಬಿ ಕಳಿಸಿದೆ.

ನಿನ್ನೆ ಅದನ್ನ ಗುಂಪಿಗೆ ಹಾಕಿದ್ರಿ. ‘ನಾಯ್ಸ್ ಎಲ್ಲಾ ತೆಗೆದಿದ್ದೀನಿ, ಈಗ ಕೇಳಿ’ ಅಂತ ಬೇರೆ! ನಲವತ್ತು ಜನ ಚಪ್ಪಾಳೆ ಒತ್ತಿದ್ರು. ನಾನು ಮೂರು ಸಲ ಕೇಳಿದೆ. ಪ್ರತಿ ಸಾಲಿಗೂ ಮುಂಚೆ ಅಪ್ಪ ಸುಯ್ ಅಂತ ಉಸಿರು ಎಳ್ಕೊಳ್ತಿದ್ರು. ಒಂದೂ ಉಳಿದಿಲ್ಲ. ಯಾರನ್ನ ಕೇಳಿ ತೆಗೆದ್ರಿ? ಕೊಳಲು ತಾನೇ ಊದಿಕೊಳ್ಳುತ್ತಾ? ಅಪ್ಪ ಹೋಗಿ ಆರು ವರ್ಷ ಆಯ್ತು. ಆ ಉಸಿರು ಕೇಳೋಕೇ ನಾನು ಕ್ಯಾಸೆಟ್ ಹಾಕ್ತಿದ್ದೆ.

ಆ ಫೈಲನ್ನ ಗುಂಪಿನಿಂದ ಅಳಿಸಿ. ಕ್ಯಾಸೆಟ್ಟನ್ನ ನಾಳೆಯೇ ಕೊರಿಯರ್ ಮಾಡಿ. ಕಳಿಸೋ ಮುಂಚೆ ಅದರ ಧೂಳು ಕೂಡ ಒರೆಸಬೇಡಿ.

ಇಂಚರಾ
ಕೊಳಲಿನ ಜನಾರ್ದನ ಅವರ ಮಗಳು